ಪಾಲಿಗೆ ಬಂದ ಮಾತ್ರೆ

ನನ್ನ ಗಂಡನ ಮನೆಯ ಕಡೆ ಜಮೀನು, ಒಡವೆ, ಹಿತ್ತಾಳೆ ಕೊಳಗದ ಹಾಗೆ ಮಾತ್ರೆಯೂ ಪಿತ್ರಾರ್ಜಿತ ಸ್ವತ್ತು. ಯಾರಾದರೂ ತೀರಿಕೊಂಡರೆ ಅವರು ನುಂಗದೆ ಉಳಿಸಿಹೋದ ಮಾತ್ರೆಗಳನ್ನು ತಿಪ್ಪೆಗೆ ಎಸೆಯುವುದು ಮಹಾಪಾಪ. ಡೇಟು ಮುಗಿದಿರುವುದು ಮನುಷ್ಯನದು, ಮಾತ್ರೆಯದಲ್ಲವಲ್ಲ.

ಕೊಡಿಗೇನಹಳ್ಳಿಯಲ್ಲಿದ್ದ ನಮ್ಮತ್ತೆಯ ಅಣ್ಣ ತೀರಿಕೊಂಡಾಗಲೂ ಹಾಗೇ ಆಯಿತು. ಶಿವಗಣಾರಾಧನೆಯ ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತ ಮೇಲೆ ಆ ಮನೆಯ ಸೊಸೆ ಒಂದು ಬಿಸ್ಕತ್ತಿನ ಡಬ್ಬಿ ತಂದು ನಡುಮನೆಯಲ್ಲಿಟ್ಟಳು. ಬಿಪಿಯದು ತಮ್ಮನಿಗೆ, ಶುಗರಿನದು ಬೀಗರಿಗೆ, ಗ್ಯಾಸಿನದು ಯಾರಿಗೆ ಬೇಕಾದರೂ. ಬಾವಿ ಪಕ್ಕದ ತುಂಡು ಜಮೀನಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದ ದಾಯಾದಿಗಳು ಅವತ್ತು "ನೀನು ತಗೊಳಪ್ಪ", "ಇಲ್ಲ ಇಲ್ಲ, ನೀನೇ ತಗೋ" ಎಂದು ಉಪಚಾರ ಮಾಡಿಕೊಂಡರು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಮಾತು ಹುಟ್ಟಿದ್ದು ನಮ್ಮ ನೆಂಟರ ಮನೆಯಲ್ಲೇ ಇರಬೇಕು.

ನಮ್ಮತ್ತೆಯ ಪಾಲಿಗೆ ಬಂದದ್ದು ನರದ ಮಾತ್ರೆ. ಅವರ ಅಣ್ಣನಿಗೆ ಕೆನ್ನೆಯಲ್ಲಿ ಕರೆಂಟು ಹೊಡೆದ ಹಾಗೆ ನೋವು ಬರುತ್ತಿತ್ತು. ಅದಕ್ಕೆ ಯಾರೋ ದೊಡ್ಡ ಡಾಕ್ಟರು ಬರೆದುಕೊಟ್ಟಿದ್ದರು. ಅತ್ತೆಗೆ ಉರಿಯುತ್ತಿದ್ದುದು ಅಂಗಾಲು.

"ಅದು ಮುಖದ ನರಕ್ಕೆ ಕೊಟ್ಟಿದ್ದಲ್ವಾ ಅತ್ತೆ?" ಎಂದೆ.

"ಮುಖದ್ ನರ ಏನು ಬ್ಯಾರೆ ಮನೇದಾ? ಎಲ್ಲಾ ಒಂದೇ ಮೈನಾಗೆ ತಾನೆ ಹರಿಯೋದು? ಸುಮ್ಕಿರಮ್ಮ, ಓದ್ಬುಟ್ರೆ ಎಲ್ಲಾ ಗೊತ್ತಾಗ್ಬುಡ್ತದಾ?"

ನಾನು ಹೊಳವನಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ನಮ್ಮ ಮಧುಗಿರಿಯ ಮನೆಯಲ್ಲಿ ಮಾತ್ರ ಆ ವಿಜ್ಞಾನಕ್ಕೆ ಚಪ್ಪಲಿ ಬಿಡುವ ಜಾಗದಲ್ಲೇ ನಿಲ್ಲಬೇಕು. ಹೇಗೂ ಡಬ್ಬಿ ಖಾಲಿಯಾದರೆ ಮುಗಿಯುತ್ತದೆ ಎಂದುಕೊಂಡೆ. ಅದು ಮುಗಿಯುವ ಬಾಬತ್ತಲ್ಲ ಎಂದು ತಿಳಿದದ್ದು ಬಹಳ ತಡವಾಗಿ. ಅತ್ತೆ ಖಾಲಿ ಶೀಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್‌ಸ್ಟಾಂಡಿನ ಹತ್ತಿರದ ಮೆಡಿಕಲ್ಲಿಗೆ ಹೋಗಿ ತೋರಿಸುತ್ತಿದ್ದರಂತೆ. ಅಲ್ಲಿಯವರು ಡಾಕ್ಟರ ಚೀಟಿ ಕೇಳುವವರಲ್ಲ. ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಚಿಲ್ರೆ ಐತಾ ಅಜ್ಜಿ?"

ಒಂದೆರಡು ತಿಂಗಳಿಗೆ ಅತ್ತೆ ಬೆಳ್ಳಗಾದರು. ಕಣದ ಕೆಲಸ ಇರಲಿ, ನೀರಿನ ಬಿಂದಿಗೆ ಎತ್ತಿದರೂ ಏದುಸಿರು. ತೋಳಿನ ಮೇಲೆ, ತೊಡೆಯ ಮೇಲೆ ಪೆಟ್ಟು ಬೀಳದೆಯೇ ನೀಲಿ ಮಚ್ಚೆಗಳು. ಹಲ್ಲುಜ್ಜಿದರೆ ರಕ್ತ. ನೋಡಲು ಬಂದ ನೆಂಟರಲ್ಲಿ ಡಾಕ್ಟರಾಗದವರು ಒಬ್ಬರೂ ಇರಲಿಲ್ಲ. ಶಿರಾದಿಂದ ಬಂದ ನಾದಿನಿ ದೃಷ್ಟಿ ಎಂದಳು, ತಾಯತ ಕಟ್ಟಿದಳು. ಅತ್ತೆಯ ತಂಗಿ ಪಾವಗಡದವರು. ಅವರಿಗೆ ಲೋಕದ ಸಕಲ ರೋಗಕ್ಕೂ ಒಂದೇ ಕಾರಣ, ಉಷ್ಣ. "ಇದು ವೇಡಿ ಕಣಕ್ಕಾ, ಬರೀ ವೇಡಿ! ಆ ಸೋಲಾರ್ ಹಾಕ್ದಾಗಿಂದ ನಮ್ ಕಡೆ ಎಲ್ರಿಗೂ ಇದೇ" ಎಂದು ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿಸಿದರು. ಪಾವಗಡದ ಸೋಲಾರ್ ಪಾರ್ಕಿನ ಬಿಸಿ ಮಧುಗಿರಿಯಲ್ಲಿರುವ ಅಕ್ಕನ ತೊಡೆಗೆ ಹೇಗೆ ತಗುಲಿತು ಎಂದು ಕೇಳುವ ಧೈರ್ಯ ಯಾರಿಗಿತ್ತು? ನನ್ನ ಗಂಡ ಮೂಟೆಗಟ್ಟಲೆ ಬೀಟ್‌ರೂಟ್ ತಂದು ಹಾಕಿದ. ಜ್ವರ ಏರಿ, ಮೂಗಿನಲ್ಲಿ ರಕ್ತ ನಿಲ್ಲದಾದಾಗ ಎಲ್ಲರೂ ಸೇರಿ ತುಮಕೂರಿನ ಆಸ್ಪತ್ರೆಗೆ ಓಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ನಾನು ಶಾಲೆ ಮುಗಿಸಿ ತುಮಕೂರು ಮುಟ್ಟುವಷ್ಟರಲ್ಲಿ ಸಂಜೆ. ಅಷ್ಟರಲ್ಲಿ ಡಾಕ್ಟರಮ್ಮ ಎಲ್ಲ ವಿಚಾರಿಸಿ ಆಗಿತ್ತು. ಯಾವುದಾದರೂ ಮಾತ್ರೆ ತಗೊಳ್ತಾರಾ ಎಂದು ಅವರು ಕೇಳಿದ್ದಕ್ಕೆ ನನ್ನ ಗಂಡ ಇಲ್ಲ ಎಂದಿದ್ದ, ಪಾವಗಡದ ಚಿಕ್ಕತ್ತೆ ಇಲ್ಲ ಎಂದಿದ್ದರು. ಅತ್ತೆಯಂತೂ ಆ ಜ್ವರದಲ್ಲೂ ಹೆಮ್ಮೆಯಿಂದ, "ಹುಟ್ದಾಗಿಂದ ಒಂದ್ ಮಾತ್ರೆ ಮುಟ್ದೋಳಲ್ಲ ಕಣವ್ವ" ಎಂದಿದ್ದರಂತೆ. ನಾನು ಒಳಗೆ ಹೋದಾಗ ಚಿಕ್ಕತ್ತೆ ಚೀಲಕ್ಕೆ ಕೈಹಾಕಿ, "ಅಕ್ಕಾ, ಅಣ್ಣಂದು ತಗೊಳ್ಳೋ ಹೊತ್ತಾಯ್ತು" ಎಂದು ಶೀಟಿನಿಂದ ಒಂದನ್ನು ಬಿಡಿಸಿ ಅಂಗೈಯಲ್ಲಿ ಹಿಡಿದಿದ್ದರು.

"ಮಾತ್ರೆ ಇಲ್ಲ ಅಂದ್ರಂತೆ? ಇದೇನಿದು?" ಎಂದೆ.

"ಇದಾ? ಇದು ಅಣ್ಣಂದು ಕಣಮ್ಮ."

"ಮಾತ್ರೆ ಅಲ್ವಾ ಇದು?"

"ಡಾಕ್ಟ್ರು ಕೊಟ್ರೆ ಮಾತ್ರೆ. ಇದು ನಮ್ಮನೇದಲ್ವಾ?"

ಅವರು ಸುಳ್ಳು ಹೇಳಿರಲಿಲ್ಲ, ಅದೇ ಭಯಂಕರ. ಶೀಟು ಕಿತ್ತುಕೊಂಡು ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಹಿಂದೆ ಮುಂದೆ ತಿರುಗಿಸಿ, "ಕಾರ್ಬಮಾಜೆಪಿನ್" ಎಂದು ಓದಿ, ಕುರ್ಚಿಯಿಂದ ಎದ್ದರು.

ಮರುದಿನ ಅತ್ತೆಯ ಸೊಂಟದ ಮೂಳೆಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಅಪ್ಲಾಸ್ಟಿಕ್ ಅನೀಮಿಯಾ ಅಂದರು. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿದೆ. ಅದು ಮತ್ತೆ ಶುರುಮಾಡದಿದ್ದರೆ ಇವರು ಉಳಿಯುವುದು ಕಷ್ಟ ಎಂದರು. ಈ ಮಾತ್ರೆಯಿಂದ ಹೀಗಾಗುವುದು ಬಹಳ ಅಪರೂಪ, ಬೇಕಾದವರಿಗೆ ಇದು ಒಳ್ಳೆಯ ಮಾತ್ರೆಯೇ, ಆದರೆ ಡಾಕ್ಟರು ಆಗಾಗ ರಕ್ತ ನೋಡುತ್ತಿರಬೇಕು ಎಂದರು. ಹೀಗೆ ಮಾಡುವಂಥವು ಇನ್ನೂ ಕೆಲವಿವೆಯಂತೆ: ಫಿಟ್ಸಿನ ಕೆಲವು ಮಾತ್ರೆಗಳು, ಥೈರಾಯ್ಡಿನ ಒಂದು ಬಗೆ, ಟೈಫಾಯ್ಡಿಗೆ ಹಿಂದೆಲ್ಲ ಕೊಡುತ್ತಿದ್ದ ಕ್ಯಾಪ್ಸೂಲು, ನಾಟಿ ಔಷಧಿ ಎಂದು ಹೇಳಿ ಮಂಡಿನೋವಿನ ಪುಡಿಗೆ ಕದ್ದು ಬೆರೆಸುವ ಮಾತ್ರೆ. ಅವರು ಒಂದೊಂದೇ ಹೇಳುತ್ತಿದ್ದ ಹಾಗೆ ಸುತ್ತ ನಿಂತ ನೆಂಟರ ಮುಖ ಒಂದೊಂದೇ ಬಾಡಿತು. ಎಲ್ಲರ ಮನೆಯಲ್ಲೂ ಒಂದೊಂದು ಡಬ್ಬಿ ಇತ್ತಲ್ಲ! ಪುಡಿ ಎಂದ ಕೂಡಲೇ ಚಿಕ್ಕತ್ತೆ ತಮ್ಮ ಮಂಡಿಯನ್ನು ಸೆರಗಿನಿಂದ ಮುಚ್ಚಿಕೊಂಡರು.

ಆಮೇಲೆ ರಕ್ತ ಬೇಕಾಯಿತು, ಮತ್ತೆ ಮತ್ತೆ ಬೇಕಾಯಿತು. ಮಾತ್ರೆ ಹಂಚಿಕೊಳ್ಳುವಾಗ ಒಂದೇ ರಕ್ತ ಎಂದವರಿಗೆ ರಕ್ತ ಕೊಡುವಾಗ ನೂರೆಂಟು ತಾಪತ್ರಯ. ಒಬ್ಬನಿಗೆ ಶುಗರು, ಒಬ್ಬನಿಗೆ ಸೋಮವಾರ, ಇನ್ನೊಬ್ಬನಿಗೆ ಹೆಂಡತಿ. ಕೊನೆಗೆ ಕೊಟ್ಟವರು ನನ್ನ ಗಂಡ, ನಾನು, ನಮ್ಮ ಶಾಲೆಯ ಮೇಷ್ಟ್ರುಗಳು. ನನಗೆ ಆ ನೆಂಟರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ.

ವಾರಗಳು ಹೋದವು. ಪ್ರತಿ ರಿಪೋರ್ಟು ಬಂದಾಗಲೂ ಡಾಕ್ಟರಮ್ಮನ ಹುಬ್ಬನ್ನೇ ನೋಡುತ್ತಿದ್ದೆವು. ಅತ್ತೆಗೆ ಮಾತಾಡುವ ಶಕ್ತಿಯೂ ಇರಲಿಲ್ಲ, ನನ್ನನ್ನು ಬೈಯುತ್ತಲೂ ಇರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಅದರಿಂದ. ಕಡೆಗೊಂದು ದಿನ ಡಾಕ್ಟರಮ್ಮ ರಿಪೋರ್ಟು ನೋಡಿ, "ಮಜ್ಜೆ ಕೆಲಸ ಶುರು ಮಾಡಿದೆ. ಉಳ್ಕೋತಾರೆ" ಎಂದರು.

ಅಷ್ಟು ದಿನ ಬಿಗಿಹಿಡಿದದ್ದೆಲ್ಲ ನನ್ನ ಗಂಡನ ಬಾಯಲ್ಲಿ ಸಿಟ್ಟಾಗಿ ಹೊರಬಂತು. ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ.

"ಬುದ್ಧಿ ಐತೇನಮ್ಮ ನಿಂಗೆ? ಸತ್ತೋರ್ ಮಾತ್ರೆ ಯಾಕಮ್ಮ ತಿನ್ನೋಕ್ ಹೋದೆ?"

ಅತ್ತೆ ದಿಂಬಿನ ಮೇಲೆ ತಲೆ ಹೊರಳಿಸಿ ಮಗನ ಕಡೆ ನೋಡಿದರು. ದನಿ ಸಣ್ಣಗಿತ್ತು.

"ಕಾಲು ಉರೀತದೆ, ಡಾಕ್ಟ್ರತ್ರ ಕರ್ಕೊಂಡೋಗಪ್ಪಾ ಅಂತ ನಿಂಗೇಳ್ದೆ. ವಯಸ್ಸಾಯ್ತು ಬುಡಮ್ಮ ಅಂದೆ. ಉಗಾದಿಗೇಳ್ದೆ, ದಸರಾಕೇಳ್ದೆ. ಅಣ್ಣ ಸತ್ತಾದ್ರೂ ಒಂದ್ ಔಷ್ದಿ ಕೊಟ್ಟ ಕಣ್ಲಾ."