ಪಾಡ್‌ಕಾಸ್ಟಿಗೆ ಅಜ್ಜಿಯ ಜವಾಬು

ಸಿಂಧನೂರಿನಿಂದ ಮಸ್ಕಿಗೆ ಹೊರಟ ಬಸ್ಸಿನಲ್ಲಿ ಫೋನಿನಲ್ಲೊಂದು ಇತಿಹಾಸದ ಪಾಡ್‌ಕಾಸ್ಟ್ ಹಚ್ಚಿದ್ದೆ. "ಪಾನನಿಷೇಧದ ಕಾಲದಲ್ಲಿ ಯಾರೂ ಕುಡಿತ ಬಿಡಲಿಲ್ಲ," ಎಂದ ನಿರೂಪಕ.

ಪಕ್ಕದಲ್ಲಿದ್ದ ಪಾಮನಕಲ್ಲೂರಿನ ಅಜ್ಜಿ ಕೆರಳಿದರು. "ಫೋನ್ ಇತ್ತ ಕೊಡು ಯವ್ವಾ, ನಾ ಹೇಳ್ತೀನಿ ಅವಗ. ನಮ್ಮನಿಯವರು ಸೇಂದಿ ಇಳಿಸೋರು, ಕುಡಿಯೋರು. ಸರ್ಕಾರಕ್ಕ ಹೆದರಲಿಲ್ಲ. ಒಂದಿನ ಈಚಲಗಿಡ ಕೆತ್ತೋ ಕತ್ತಿ ನಮ್ಮೂರ ಮಠದ ಗದ್ದಿಗಿ ಮುಂದಿಟ್ಟು ದೇವರಿಗೆ ಮಾತು ಕೊಟ್ರು. ಸಾಯೋತನಕ ಸೇಂದಿ ಮುಟ್ಟಲಿಲ್ಲ. ಕತ್ತಿ ಇನ್ನೂ ಅಲ್ಲೇ ಐತಿ."

ನನಗೆ ಅರಿವಿಲ್ಲದೆ ಕೈ ಮುಗಿದೆ. ದೇವರು ದೊಡ್ಡವ, ಮಾತು ಉಳಿಸಿಕೊಂಡ ನಮ್ಮ ಸೀಮೆಯವರೂ ಸಣ್ಣವರಲ್ಲ.

"ಅಮ್ಮಾ, ನಾವು ಹೇಳಿದ್ದು ಅವಗ ಕೇಳಂಗಿಲ್ರೀ."

"ಹೌದೇನು? ಮತ್ತ ಅವನ ಮಾತು ನಾವ್ಯಾಕ ಕೇಳಬೇಕು?"

ಬಂದ್ ಮಾಡಿದೆ. ಮಸ್ಕಿ ಬರುವವರೆಗೂ ಇತಿಹಾಸ ಅಜ್ಜಿಯದೇ.