ಶಾಯಿ ಡಬ್ಬಿಯ ಎಣ್ಣೆ

ಎಪ್ಪತ್ತೊಂಬತ್ತನೇ ಇಸವಿ ಇರಬೇಕು. ಬೆಟಗೇರಿಯಲ್ಲಿ ನಮ್ಮ ಯಜಮಾನರದು ಮೋಟಾರು ರಿಪೇರಿಯ ತಗಡಿನ ಶೆಡ್ಡು. ನಾನು ಗದಗಿನ ಒಂದು ಪ್ರೆಸ್ಸಿಗೆ ಮೊಳೆ ತೊಳೆಯಲು ಹೋಗುತ್ತಿದ್ದೆ. ಮೊಳೆ ಅಂದರೆ ಅಚ್ಚು ಹಾಕುವ ಸೀಸದ ಅಕ್ಷರ. ಶಾಲೆಯನ್ನು ಎರಡನೇ ಇಯತ್ತೆಗೇ ಬಿಟ್ಟವಳು ನಾನು. ಓದಲು ಬಂದದ್ದು ಆ ಮೊಳೆಗಳನ್ನು ಖಾನೆಗೆ ಹಾಕಿ ಹಾಕಿ.

ಊರಲ್ಲಿ ಒಬ್ಬ ವಕೀಲರಿದ್ದರು. ಅವರ ಹತ್ತಿರ ವಿಲಾಯತಿಯ ಒಂದು ಹಳೆಯ ಕೆಂಪು ಕಾರು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ರೇಸಿನಲ್ಲಿ ಓಡಿಸಲೆಂದು ಮಾಡಿದ ಗಾಡಿಯಂತೆ. ಓಡಿದ್ದಕ್ಕಿಂತ ನಮ್ಮ ಶೆಡ್ಡಿನಲ್ಲಿ ನಿಂತದ್ದೇ ಹೆಚ್ಚು. ಆ ವರ್ಷ ವಕೀಲರು ಮುಂಬೈಯಿಂದ ಹೊಸ ಬೇರಿಂಗ್ ತರಿಸಿಕೊಟ್ಟರು. ನಮ್ಮವರು ಎಂಜಿನ್ ಬಿಚ್ಚಿ ಅವನ್ನು ಹಾಕಿದರು. ಒಂದು ತಿಂಗಳು ಓಡಿದ ಮೇಲೆ ಎಣ್ಣೆಯನ್ನು ಒಂದು ಬೋಗಾಣಿಗೆ ಇಳಿಸಿದರು.

ಇಳಿಸಿದ ಎಣ್ಣೆಯನ್ನು ಪರೀಕ್ಷೆ ಮಾಡಿದರೆ ಎಂಜಿನ್ನಿನ ಒಳಗಿನ ಖಬರೆಲ್ಲ ತಿಳಿಯುತ್ತದೆ, ಮನುಷ್ಯರ ರಕ್ತ ನೋಡಿದ ಹಾಗೆ, ಎಂದು ವಕೀಲರು ಎಲ್ಲೋ ಓದಿದ್ದರು. ಹುಬ್ಬಳ್ಳಿಯಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯರಿಗೆ ಕಳಿಸುತ್ತೇನೆಂದು ಸ್ವಲ್ಪ ಎಣ್ಣೆ ಕೇಳಿದರು. ಡಬ್ಬಿ ಕೊಟ್ಟವಳು ನಾನು. ಪ್ರೆಸ್ಸಿನಿಂದ ತಂದ ಖಾಲಿ ಶಾಯಿ ಡಬ್ಬಿ ಮನೆಯಲ್ಲಿ ಎರಡಿದ್ದವು.

ಎಂಟು ದಿನಕ್ಕೆ ವಕೀಲರು ಆ ಗೆಳೆಯರ ಕಾಗದ ಹಿಡಿದು ಶೆಡ್ಡಿಗೆ ಬಂದರು. ಓಣಿಯ ಮಂದಿ ನಿಂತು ನೋಡುತ್ತಿದ್ದರು.

"ಮಲ್ಲಪ್ಪ, ಎಣ್ಣಿಯೊಳಗ ಸೀಸದ ಚೂರು ಅವ. ಬೇರಿಂಗ್ ಸವದರ ಬರೂ ಸೀಸ. ಒಂದ ತಿಂಗಳಿಗೆ ಸವೀಲಿಕ್ಕೆ ಅವೇನು ಹೊಸಾವ? ಹಳೇವನ್ನ ತಿಕ್ಕಿ ಹಾಕಿ ನನ್ನ ಹೊಸಾವು ಎಲ್ಲಿಟ್ಟಿ?"

"ಹೊಸಾವ ಹಾಕೀನ್ರಿ ಸಾಹೇಬ್ರ. ಬೇಕಾದ್ರ ಬಿಚ್ಚಿ ತೋರಸ್ತೀನಿ."

"ತೋರಸ್ತಿ, ಯಾಕ ತೋರಸೂದಿಲ್ಲ! ಬಿಚ್ಚೂಮುಂದ ಹೊಸಾವು ಒಳಗ ಸೇರಸ್ತಿ. ಇನ್ನ ನನ್ನ ಗಾಡಿಗೆ ಕೈ ಹಚ್ಚಬ್ಯಾಡ."

ಮರುದಿನ ಅಸುಂಡಿ ಊರಿನವರೊಬ್ಬರು ರಿಪೇರಿಗೆ ಬಿಟ್ಟಿದ್ದ ಟ್ರ್ಯಾಕ್ಟರನ್ನು ಎಳೆಸಿಕೊಂಡು ಹೋದರು. ಚಹಾದಂಗಡಿಯಲ್ಲಿ ಒಬ್ಬ, "ಮಲ್ಲಪ್ಪನ ಕಡೆ ಗಾಡಿ ಬಿಡೂಮುಂದ ಗಾಲಿ ಎಣಿಸಿ ಬಿಡ್ರಪಾ" ಅಂದನಂತೆ. ಯಜಮಾನರು ಶೆಡ್ಡಿಗೆ ಬೀಗ ಹಾಕಿ ಅದರ ಕಟ್ಟೆಯ ಮೇಲೆ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನು ಮಾಡಿದ್ದನ್ನು ಇದುವರೆಗೆ ನಾನಾಗಿ ಯಾರಿಗೂ ಹೇಳಿಲ್ಲ. ಮನೆಯಲ್ಲಿ ಅವರ ಟ್ರಂಕು ತೆಗೆದೆ. ಪಾನಾ, ಪಕ್ಕಡದಂಥ ರಿಪೇರಿ ಸಾಮಾನೆಲ್ಲ ಹೊರಗೆ ಹಾಕಿ ಹೊಸ ಬೇರಿಂಗ್ ಇದೆಯೇನೋ ಎಂದು ಹುಡುಕಿದೆ. ಅಲ್ಲಿರಲಿಲ್ಲ. ಎಲ್ಲ ಮತ್ತೆ ತುಂಬಿಟ್ಟೆ. ಗೋಡೆಯ ಮಾಡದಲ್ಲಿ ಕೈಯಾಡಿಸಿದೆ. ಅಲ್ಲೂ ಇಲ್ಲ. ಅಲ್ಲಿದ್ದ ಇನ್ನೊಂದು ಶಾಯಿ ಡಬ್ಬಿಯಲ್ಲಿ ಬಚ್ಚಿಟ್ಟಿರಬಹುದೆಂದು ಮುಚ್ಚಳ ತೆಗೆದು ಬೆರಳು ಹಾಕಿದೆ. ತಳದಲ್ಲಿ ಶಾಯಿ ಜಿಗಟು, ಅದರೊಳಗೆ ಮರಳಿನ ಹಾಗೆ ಏನೋ ಹತ್ತಿತು. ಬಿಸಿಲಿಗೆ ಹಿಡಿದೆ. ಮಿಣ ಮಿಣ ಹೊಳೆಯಿತು. ಸೀಸದ ಪುಡಿ. ಪ್ರೆಸ್ಸಿನಲ್ಲಿ ಸೀಸದ ಪಟ್ಟಿ ಕೊಯ್ದಾಗ ಬೀಳುವ ಪುಡಿಯನ್ನು ಕರಗಿಸಲೆಂದು ಬಳಿದು ಇಡುತ್ತಿದ್ದದ್ದೇ ಇಂಥ ಡಬ್ಬಿಗಳಲ್ಲಿ. ವಕೀಲರಿಗೆ ಕೊಟ್ಟದ್ದೂ ಇದರ ಜೋಡಿ.

ಆ ಡಬ್ಬಿ ಹಿಡಿದು ಸೀದಾ ವಕೀಲರ ಮನೆಗೆ ಹೋದೆ.

"ಸೀಸ ನಿಮ್ಮ ಗಾಡೀದಲ್ರಿ, ನನ್ನ ಡಬ್ಬೀದು. ಮಿಕ್ಕಿದ ಎಣ್ಣಿ ಶೆಡ್ಡಿನ ಬೋಗಾಣ್ಯಾಗ ಹಂಗ ಐತಿ. ನಿಮ್ಮ ಮನಿ ಬಿಳೀ ಅರಬಿ ತೊಗೊಂಡು ಬರ್ರಿ. ಸೋಸಿ ನೋಡೂಣು."

"ಇದನ್ನ ಗಂಡ ಕಲಿಸಿ ಕಳಿಸ್ಯಾನೇನು?"

"ಗಂಡಗ ಗೊತ್ತ ಇಲ್ಲರಿ. ದಿನಾ ಸೀಸ ತೊಳಿಯೋ ಕೈಗೆ ಸೀಸದ ಗುರ್ತು ಸಿಗೂದಿಲ್ಲೇನ್ರಿ?"

ವಕೀಲರು ನನ್ನ ಮುಖ ನೋಡಿದರು. ಹಳೆಯ ಧೋತರದ ಎರಡು ತುಂಡು ಹಿಡಿದು ಅದೇ ಕಾರಿನಲ್ಲಿ ಬಂದರು. ಬೀಗ ತೆಗೆಸಿದೆ. ಒಂದು ತುಂಡಿನಲ್ಲಿ ಬೋಗಾಣಿಯ ಎಣ್ಣೆಯನ್ನು ತಳದ ಗಸಿ ಸಮೇತ ಸೋಸಿದರು, ಆಮೇಲೆ ಆ ಬಟ್ಟೆಯ ಮೇಲೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಹಾಕಿ ತೊಳೆದರು. ಬಟ್ಟೆ ಕಪ್ಪಾಯಿತು, ಒಂದು ಚೂರೂ ಹೊಳೆಯಲಿಲ್ಲ. ನನ್ನ ಡಬ್ಬಿಯನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಇನ್ನೊಂದರಲ್ಲಿ ಸೋಸಿದರು. ಆ ಬಟ್ಟೆಯ ತುಂಬ ಬೆಳ್ಳಗೆ ಚೂರು ಮಿನುಗಿದವು. ಓಣಿಯ ಮಂದಿಯೆಲ್ಲ ಬಗ್ಗಿ ಬಗ್ಗಿ ನೋಡಿದರು.

"ಮಲ್ಲಪ್ಪ, ನಂದ ತಪ್ಪಾತು" ಅಂದರು ವಕೀಲರು, ಎಲ್ಲರಿಗೂ ಕೇಳುವ ಹಾಗೆ. ಕಾರಿನ ಕೀಲಿ ತೆಗೆದು ಕೈಗೆ ಕೊಟ್ಟರು. "ಹೆಂಡ್ತಿನ್ನ ಕೂಡಿಸ್ಕೊಂಡು ಲಕ್ಕುಂಡಿತನಕ ಓಡಿಸ್ಕೊಂಡು ಬಾ. ಊರು ನೋಡ್ಲಿ."

ಆ ಕಾರಿನಲ್ಲಿ ನಾನು ಕೂತದ್ದು ಅದೊಂದೇ ಸಲ. ಸೆರಗು ಹಾರಿ ಹಾರಿ ಬಾಯಿಗೆ ಬರುತ್ತಿತ್ತು. ಎರಡೂ ಕಡೆ ಎರೆಹೊಲ. ದನ ಕಾಯುವವರು ಕೋಲೆತ್ತಿ ಕೇಕೆ ಹಾಕಿದರು. ಯಜಮಾನರು ತಲೆ ಓರೆ ಮಾಡಿ ಎಂಜಿನ್ನಿನ ಸಪ್ಪಳ ಕೇಳುತ್ತಾ ಓಡಿಸಿದರು. ಅಷ್ಟು ಚಂದದ ಮುಖ ಲಗ್ನದ ದಿನವೂ ಇರಲಿಲ್ಲ.

ಲಕ್ಕುಂಡಿ ಸಮೀಪಿಸಿದಾಗ ಗಾಡಿ ನಿಧಾನ ಮಾಡಿದರು.

"ಮನಿಗೆ ಹೋಗಿ ನೀರ ಕುಡದು ಬರೂಮುಂದ ನೋಡಿದೆ. ಟ್ರಂಕಿನ್ಯಾಗ ಪಾನಾ ಅದಲುಬದಲು ಆಗ್ಯಾವ. ನೀ ತಗದಿದ್ದೇನು?"

"ಹೂಂ."

"ಬೇರಿಂಗ್ ಹುಡುಕಿದಿ?"

"ಹೂಂ."

ಬಯ್ಯಲಿಲ್ಲ. "ಹುಡುಕಿದ್ದು ಚಲೋ ಆತು ಬಿಡು. ಇಲ್ಲಂದ್ರ ಡಬ್ಬಿ ಗುಟ್ಟು ಸಿಗತಿದ್ದಿಲ್ಲ" ಅಂದು ಗೇರು ಬದಲಿಸಿದರು. ಸಾಯುವ ತನಕ ಮತ್ತೆ ಆ ಮಾತು ತೆಗೆಯಲಿಲ್ಲ.

ವಕೀಲರು ಹೊರಗಿನವರು. ಓಣಿಯ ಮಂದಿಯ ಮುಂದೆ ತಪ್ಪು ಒಪ್ಪಿದರು. ಆ ಕಾರಿನಲ್ಲಿ ನಾವಿಬ್ಬರೇ ಇದ್ದೆವು, ಕೇಳುವವರು ಯಾರೂ ಇರಲಿಲ್ಲ. ಆದರೂ ನನ್ನ ಬಾಯಿಂದ ಹೂಂ ಬಿಟ್ಟು, ತಪ್ಪಾತು ಅನ್ನುವ ಮಾತು ಬರಲಿಲ್ಲ.