ಗೆರೆಯ ಹತ್ತಿರ ಬಿಟ್ಟ ಜೋಡಿ ರಾಜ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತೂವರೆ. ಹಳಿಯಾಳದಲ್ಲಿ ಗೋವಿನಜೋಳದ ಗೋದಾಮಿನ ಮೇಲಿನ ಕೋಣೆ. ಹಾಜರಿದ್ದವರು ಎಂಟು ಮಂದಿ. ಊಟದ ಹೊತ್ತಿಗೆ ಆಟದಲ್ಲಿ ಉಳಿದವರು ನಾಲ್ವರು: ಗೋದಾಮಿನ ಮಾಲೀಕರಾದ ಮುಂಡಗೋಡದ ಸಾವಕಾರರು, ಜೋಯಿಡಾದ ನಿವೃತ್ತ ಫಾರೆಸ್ಟ್ ಗಾರ್ಡ್, ನಮ್ಮ ಮನೆಯವರು, ನಾನು.

ನಾವು ಆಡುವುದು ಒಮಾಹಾ ಪೋಕರ್. ಕೈಗೆ ನಾಲ್ಕು ಎಲೆ ಬರುತ್ತವೆ. ಮೇಜಿನ ಮೇಲೆ ತೆರೆಯುವ ಐದು ಎಲೆ ಎಲ್ಲರಿಗೂ ಸೇರಿದ್ದು. ಕೈಯಿಂದ ಎರಡು, ಮೇಜಿನಿಂದ ಮೂರು ಕೂಡಿಸಬೇಕು. ದುಡ್ಡು ಕಟ್ಟುವುದಿಲ್ಲ, ಪ್ಲಾಸ್ಟಿಕ್ ಬಿಲ್ಲೆಗಳಿವೆ. ಒಬ್ಬರು ಬಿಲ್ಲೆ ಒಡ್ಡಿದರೆ ಉಳಿದವರು ಅಷ್ಟೇ ಒಡ್ಡಿ ಎದುರಾಡಬೇಕು, ಇಲ್ಲವೇ ಎಲೆ ಕೆಳಗಿಟ್ಟು ಆ ಆಟ ಬಿಡಬೇಕು. ಬಿಲ್ಲೆ ಮುಗಿದವರು ಏಳಬೇಕು. ಆದರೆ ಅಂದಿನ ಬಹುಮಾನ ದೊಡ್ಡದಿತ್ತು. ಕೊನೆಗೆ ಉಳಿದ ಮೂವರನ್ನು ಗೋವಾದ ಒಂದು ಟೂರ್ನಮೆಂಟಿಗೆ ಕಳಿಸುವುದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದೆವು. ಮೊದಲನೆಯವರಿಗೂ ಮೂರನೆಯವರಿಗೂ ಒಂದೇ ಬಹುಮಾನ, ನಾಲ್ಕನೆಯವರಿಗೆ ಏನೂ ಇಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವಿನ ಈ ಅಂಚಿಗೆ ನಾವು ಗೆರೆ ಎನ್ನುತ್ತೇವೆ.

ಗೋವಾಕ್ಕೆ ಹೋಗಬೇಕೆಂಬ ಆಸೆ ಎಲ್ಲರಿಗಿಂತ ಹೆಚ್ಚು ಇದ್ದದ್ದು ನಮ್ಮ ಮನೆಯವರಿಗೆ. ದಾಂಡೇಲಿಯ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಈಗ ಕೈ ನಡುಗುವ ಕಾಯಿಲೆ. ಗುರುತಿಲ್ಲದವರ ನಡುವೆ, ನಿಜವಾದ ಮೇಜಿನಲ್ಲಿ, ತಮ್ಮ ಎಲೆಗಳನ್ನು ತಾವೇ ಹಿಡಿದು ಒಂದು ಸಲ ಆಡಬೇಕು ಎಂದು ಅವರ ಹಂಬಲ. ಮುಂದಿನ ವರ್ಷ ಕೈ ಹೇಗಿರುತ್ತದೋ ಹೇಳಲಾಗದು ಎಂದು ಡಾಕ್ಟರು ಹೇಳಿದ ಮೇಲೆ ಆ ಹಂಬಲ ಹಟವಾಗಿತ್ತು.

ನಾವೆಲ್ಲ ರಮ್ಮಿ ಆಡಿ ಬೆಳೆದವರಾದ್ದರಿಂದ ಒಮಾಹಾದ ಎಲೆಗಳನ್ನೂ ಕೈಯಲ್ಲಿ ಹರಡಿ ಹಿಡಿಯುತ್ತೇವೆ. ಇವರ ಕೈಯಿಂದ ಆಗಾಗ ಒಂದೆರಡು ಎಲೆ ಜಾರಿ ಮುಖ ಮೇಲಾಗಿ ಬೀಳುತ್ತವೆ. ಆಗ ಮೇಜಿನವರೆಲ್ಲ ತಲೆಯೆತ್ತಿ ಫ್ಯಾನ್ ನೋಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬೆಳೆದ ಪದ್ಧತಿ. ಮೂವತ್ತು ವರ್ಷ ನರ್ಸ್ ಆಗಿ ಆಸ್ಪತ್ರೆಯ ವಾರ್ಡುಗಳನ್ನು ನಿಯಮದ ಮೇಲೆ ನಡೆಸಿದ ನನಗೆ ಇಂಥ ಸಡಿಲು ಹಿಡಿಸುವುದಿಲ್ಲ. ಆದರೂ ಸುಮ್ಮನಿರುತ್ತಿದ್ದೆ.

ನಾಲ್ವರಲ್ಲಿ ಸಾವಕಾರರ ಮುಂದೆ ಬಿಲ್ಲೆಗಳ ಗುಡ್ಡೆ. ನನ್ನ ಮುಂದೆ ಸಾಕಷ್ಟು. ಇವರ ಮುಂದೆ ಸ್ವಲ್ಪ. ಗಾರ್ಡ್ ಅವರ ಮುಂದೆ ಬರೀ ಮೂರು, ಅದೂ ಮುಂದಿನ ಆಟದಲ್ಲಿ ಅವರು ಕಡ್ಡಾಯವಾಗಿ ಹಾಕಬೇಕಾದವು. ಎಲೆ ನೋಡುವ ಮೊದಲೇ ಸರದಿಯಂತೆ ಹಾಕುವ ಈ ಕಡ್ಡಾಯದ ಬಿಲ್ಲೆ ಈ ಆಟದಲ್ಲಿ ನನ್ನದು.

ಎಲೆ ಹಂಚಿದರು. ನನಗೆ ಬಂದದ್ದು ಎರಡು ರಾಜ, ಒಂದು ಏಳು, ಒಂದು ಎರಡು. ಇಸ್ಪೀಟು, ಆಟೀನು, ಡೈಮಂಡ್, ಕಳಾವರ ಎಂದು ನಾಲ್ಕಕ್ಕೂ ಬೇರೆ ಬೇರೆ ಬಣ್ಣ. ತೀನ್ ಪತ್ತಿ ಆಡುವವರಿಗೆ ಜೋಡಿ ರಾಜ ಎಂದರೆ ಹಬ್ಬ. ಒಮಾಹಾದಲ್ಲಿ ಹಾಗಲ್ಲ. ಉಳಿದೆರಡು ಎಲೆ ಜೊತೆಗೂಡದಿದ್ದರೆ ರಾಜರಿಬ್ಬರೂ ಒಂಟಿ. ಆಡಲೂಬಹುದು, ಬಿಡಲೂಬಹುದು ಎನ್ನುವಂಥ ಕೈ.

ಗಾರ್ಡ್ ಎಲೆ ಕೆಳಗಿಟ್ಟರು. ಇವರು ತಮ್ಮಲ್ಲಿದ್ದ ಬಿಲ್ಲೆಗಳನ್ನು ಬಹುಪಾಲು ಮುಂದೆ ತಳ್ಳಿದರು. ತಳ್ಳುವಾಗ ಎಡಗೈ ನಡುಗಿ ಒಂದು ಎಲೆ ಬಿತ್ತು. ಸಾವಕಾರರು ಫ್ಯಾನ್ ನೋಡುತ್ತಲೇ ಆಟ ಬಿಟ್ಟರು. ಗಾರ್ಡ್ ಅವರೂ ಫ್ಯಾನ್ ನೋಡಿದರು. ನಾನು ನೋಡಿದ್ದು ಇವರ ಕೈಯನ್ನು. ಬಿದ್ದ ಎಲೆ ಕಂಡುಬಿಟ್ಟಿತು. ಕಳಾವರದ ಮೂರು.

ಮೂರು ಎಂದರೆ ಬಡ ಎಲೆ. ನಾನು ಎದುರಾಡಿದರೆ ಇವರು ಇಲ್ಲೇ ಮುಗಿಯುವ ಸಂಭವ ಹೆಚ್ಚು.

"ನೋಡಿದೇನು?" ಎಂದರು ಇವರು.

"ನೋಡಿದೆ."

"ಅಲ್ರೀ ಸಿಸ್ಟರ್, ನಾವೆಲ್ಲಾ ಫ್ಯಾನ್ ನೋಡಾಕತ್ತೇವಿ. ನಿಮಗೇನ್ ಕುತ್ತಿಗಿ ಹಿಡದೈತೇನು?" ಸಾವಕಾರರು ನಕ್ಕರು.

ಇವರು ನಗಲಿಲ್ಲ. ಆ ಮೂರನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಟ್ಟರು. "ಒಬ್ರು ನೋಡಿದ್ರ ಎಲ್ಲಾರೂ ನೋಡ್ರಿ. ಈಗ ಆಡು. ನನ್ನ ಮ್ಯಾಲ ಕರುಣಾ ತೋರಸಬ್ಯಾಡ."

ನಾನು ಗಾರ್ಡ್ ಅವರ ಮೂರು ಬಿಲ್ಲೆಗಳನ್ನು ನೋಡಿದೆ. ಗೆರೆ ಇಷ್ಟು ಹತ್ತಿರ ಇರುವಾಗ, ನಮಗಿಂತ ಮೊದಲು ಏಳುವವರು ಒಬ್ಬರು ಇರುವಾಗ, ಇಂಥ ಕೈಯನ್ನು ಬಿಡುವುದೇ ಸರಿಯಾದ ಲೆಕ್ಕ. ಕಳಾವರದ ಮೂರು ಬೀಳದಿದ್ದರೂ ಬಿಡುತ್ತಿದ್ದೆ ಎಂದುಕೊಂಡೆ. ಎದುರಿಗಿದ್ದವರು ಬೇರೆ ಯಾರಾದರೂ ಆಗಿದ್ದರೆ? ಅಷ್ಟು ದೂರ ಯೋಚಿಸಲಿಲ್ಲ. ಎಲೆಗಳನ್ನು ಕೆಳಗಿಟ್ಟೆ.

ಇವರ ಮುಖ ಬಿಗಿದುಕೊಂಡಿತು. "ಕರುಣಾನ ಇದು."

"ಅಲ್ರೀ. ಗಾರ್ಡ್ ಅಣ್ಣಾ ಅವ್ರು ಬಾಗಲ್ದಾಗ ಚಪ್ಪಲಿ ಹಾಕ್ಕೊಂಡ ನಿಂತಾರ. ಅವ್ರು ಹೋಗೂತನಾ ನಾ ನಿಮ್ಮ ಕೂಡ ಯಾಕ ಜಗಳಾ ತಗೀಲಿ?" ಎಂದು ನನ್ನ ನಾಲ್ಕೂ ಎಲೆ ತಿರುಗಿಸಿ ತೋರಿಸಿದೆ.

ಇವರು ಬಗ್ಗಿ ನೋಡಿದರು. ಈ ಆಟ ನನಗೆ ಕಲಿಸಿದವರೇ ಅವರು. "ಜೋಡಿ ರಾಜಾ ಬಿಟ್ಟಿ? ನಾನಾಗಿದ್ರ ಬಿಡ್ತಿದ್ದಿಲ್ಲ ನೋಡು."

"ಅದಕ್ಕ ನಿಮ್ಮ ಮುಂದ ಬಿಲ್ಲೆ ಇಲ್ಲ."

ಗಾರ್ಡ್ ಜೋರಾಗಿ ನಕ್ಕರು. ಇವರೂ ನಕ್ಕರು, ಬಿಲ್ಲೆಗಳನ್ನು ಎರಡೂ ಕೈಯಲ್ಲಿ ಬಾಚಿಕೊಂಡರು. ತಮ್ಮ ಉಳಿದ ಮೂರು ಎಲೆ ಯಾವುವೆಂದು ತೋರಿಸಲಿಲ್ಲ. ನಾನು ಕೇಳಲೂ ಇಲ್ಲ.

ಮುಂದಿನ ಆಟದಲ್ಲಿ ಗಾರ್ಡ್ ಅವರ ಮೂರೂ ಬಿಲ್ಲೆ ಹೋದವು. ನಾವಿಬ್ಬರೂ ದೂರ ಉಳಿದೆವು. ಸಾವಕಾರರಿಗೆ ಒಂದೇ ಬಣ್ಣದ ಐದು ಎಲೆ ಕೂಡಿದ್ದವು. ಗಾರ್ಡ್ ಎದ್ದು ಇವರ ಬೆನ್ನು ತಟ್ಟಿದರು. "ಹೋಗಿ ಬರ್ರಿ ಫಿಟ್ಟರ್ ಸಾಹೇಬ್ರ. ನನಗ ಗೋವಾ ಏನ್ ಹೊಸಾದು, ಅತ್ತಿ ಮನಿ ಅಲ್ಲೇ ಐತಿ. ತಪ್ಪಿದ್ದ ಚಲೋ ಆತು."

ಚಹಾ ಬಂತು. ಗೋವಾದಲ್ಲಿ ಮೊದಲೇ ಆಡಿಬಂದಿದ್ದ ಸಾವಕಾರರು ಅಲ್ಲಿಯ ರೀತಿ ಹೇಳತೊಡಗಿದರು. "ಅಲ್ಲಿ ಬಿದ್ದ ಎಲಿ ಬಿದ್ದಂಗ ರೀ. ಎಲ್ಲಾರೂ ಕಣ್ಣ ತುಂಬ ನೋಡ್ತಾರ."

ಇವರು ಲೋಟ ಕೆಳಗಿಟ್ಟರು. "ಹಂಗಾರ ನಾ ಬ್ಯಾಡ. ಗಾರ್ಡ್ ಸಾಹೇಬ್ರು ಹೋಗ್ಲಿ."

"ತಡೀರಿ, ಪೂರಾ ಕೇಳ್ರಿ," ಎಂದರು ಸಾವಕಾರರು. "ಅಲ್ಲಿ ನಮ್ಮಂಗ ಎಲಿ ಕೈಯಾಗ ಹಿಡದು ಕೂಡಾಂಗಿಲ್ಲ. ಮೇಜಿನ ಮ್ಯಾಲನ ಇರಬೇಕು. ಅಂಗೈ ಅಡ್ಡಾ ಇಟ್ಟು, ಹೆಬ್ಬಟ್ಟಿಲೆ ಮೂಲಿ ಅಷ್ಟ ಎತ್ತಿ ನೋಡೂದು."

ಬಸ್ಸಿನಲ್ಲಿ ದಾಂಡೇಲಿಗೆ ಹೊರಟೆವು. ತೊಡೆಯ ಮೇಲೆ ಇವರ ಹೆಬ್ಬೆರಳು ದಾರಿಯುದ್ದಕ್ಕೂ ಏನನ್ನೋ ಎತ್ತಿ ಎತ್ತಿ ನೋಡುತ್ತಿತ್ತು.

ಮನೆಗೆ ಬಂದು ಸಂಜೆಯ ಮಾತ್ರೆ ಕೊಟ್ಟೆ. ಮಾತ್ರೆ ಕೆಲಸ ಮಾಡತೊಡಗಿದ ಮೇಲೆ ಊಟದ ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ನಾಲ್ಕು ಎಲೆ ಬೋರಲು ಇಟ್ಟೆ. ಇವರು ಮೊಣಕೈ ಊರಿ ಎಡ ಅಂಗೈಯನ್ನು ಗೋಡೆಯಂತೆ ನಿಲ್ಲಿಸಿದರು. ಮೊದಲ ಸಲ ಎಲೆಗಳು ಮಗುಚಿದವು. ಎರಡನೆಯ ಸಲವೂ. ಆಮೇಲೆ ಮೇಜಿಗೆ ಒತ್ತಿದ ಕೈಯ ನಡುಕ ನಿಧಾನವಾಗಿ ನಿಂತಿತು. ಬಲಗೈಯ ಹೆಬ್ಬೆರಳಿನ ಉಗುರು ಎಲೆಗಳ ಮೂಲೆಯ ಕೆಳಗೆ ಸೇರಿ ಒಂದಿಷ್ಟೇ ಎತ್ತಿತು. ಎದುರಿಗೆ ಕುಳಿತ ನನಗೆ ಏನೂ ಕಾಣಲಿಲ್ಲ.

"ಇನ್ನೊಮ್ಮೆ ಹಾಕು," ಎಂದರು. ಹಾಕಿದೆ. ಅನ್ನ ಆರುವತನಕ ಹಾಕುತ್ತಲೇ ಇದ್ದೆ.

ಭಾನುವಾರ ಊಟವಾದ ಮೇಲೆ ಇವರ ಉಗುರು ಕತ್ತರಿಸುವುದು ನನ್ನ ಕೆಲಸ. ಕಾಯಿಲೆ ಬಂದಾಗಿನಿಂದ ಒಂದು ವಾರವೂ ತಪ್ಪಿಸಿಲ್ಲ. ಅಂದೂ ನೇಲ್ ಕಟರ್ ತಂದು, ಎದುರಿಗೆ ಕುಳಿತು, ಎಡಗೈಯ ಐದನ್ನೂ ಮುಗಿಸಿದೆ. ಬಲಗೈಯಲ್ಲಿ ಕಿರುಬೆರಳಿನಿಂದ ಶುರುಮಾಡಿ ನಾಲ್ಕನ್ನು ಕತ್ತರಿಸಿ, ಎಲೆ ಎತ್ತುವ ಹೆಬ್ಬೆರಳನ್ನು ಹಾಗೇ ಬಿಟ್ಟೆ. ಇವರು ಅದನ್ನು ದೀಪಕ್ಕೆ ಹಿಡಿದು ನೋಡಿಕೊಂಡರು. ಉಗುರಿನ ಚೂರುಗಳನ್ನು ಕಾಗದದಲ್ಲಿ ಸುತ್ತಿ ಎಸೆದು, ಕೈ ತೊಳೆದುಕೊಂಡೆ.